ಸುತ್ತಿಗೆ ನಿಂತಾಗ

ಮೊನ್ನೆ ಗೇಟು ಕಿರುಗುಟ್ಟುತ್ತಿದೆಯೆಂದು ಅಂಗಡಿಯಿಂದ ಒಂದು ಸಣ್ಣ ಡಬ್ಬಿ ಗ್ರೀಸ್ ತಂದೆ. ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಗೇಟಿನ ವಿಷಯವೇ ಮರೆತುಹೋಯಿತು. ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಕ್ಕದ ಮನೆಯ ಲಾರಿಯವರು ನೆನಪಾದರು...

ಕುವೆಂಪುನಗರದ ನಮ್ಮ ಬೀದಿಯಲ್ಲಿ ಎಲ್ಲರ ಮನೆ ಮುಂದೆ ಸ್ಕೂಟರ್ ನಿಂತರೆ ಅವರ ಮನೆ ಪಕ್ಕ ಮಾತ್ರ ಲಾರಿ. ಸ್ವಂತ ಲಾರಿ, ತಾವೇ ಡ್ರೈವರ್. ನಮ್ಮಿಬ್ಬರ ಮನೆಗಳ ನಡುವೆ ಒಂದು ಖಾಲಿ ಸೈಟಿತ್ತು, ಲಾರಿ ಅಲ್ಲಿ ನಿಲ್ಲುತ್ತಿತ್ತು. ಭಾನುವಾರ ಬಿಳಿ ಶರ್ಟು ಹಾಕಿಕೊಂಡು ಹೆಂಡತಿಯ ಜೊತೆ ಚರ್ಚಿಗೆ ಹೋಗುತ್ತಿದ್ದರು. ಆಕೆಗೆ ಲಕ್ವ ಹೊಡೆದು, ಮಾತು ನಿಂತು, ಹಾಸಿಗೆ ಹಿಡಿದ ಮೇಲೆ ಅದೂ ನಿಂತಿತು. ಅವರು ಬಾಡಿಗೆಗೆ ಹೋದ ದಿನಗಳಲ್ಲಿ ಆಕೆಯ ಅಕ್ಕ ಬಂದು ನೋಡಿಕೊಳ್ಳುತ್ತಿದ್ದರು.

ಆ ಅಕ್ಕ ಮಗಳ ಬಾಣಂತನಕ್ಕೆಂದು ಊರಿಗೆ ಹೋದಾಗಲೇ ಲಾರಿ ಕೈಕೊಟ್ಟಿತು. ಇಲವಾಲದಿಂದ ಬರುವಾಗ ಹಳ್ಳಕ್ಕೆ ಇಳಿದು ಮುಂದಿನ ಬ್ಲೇಡು ಮುರಿದಿತ್ತು. ಬ್ಲೇಡೆಂದರೆ ಲಾರಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಲಾರಿ ಒಂದು ಕಡೆಗೆ ವಾಲಿಕೊಂಡು ಹೇಗೋ ಮನೆ ಸೇರಿತು. ಮರುದಿನ ಬೆಳಿಗ್ಗೆ ನೋಡಿದರೆ ಖಾಲಿ ಸೈಟಿನಲ್ಲಿ ಜಾಕಿ ಏರಿಸಿ, ಮರದ ದಿಮ್ಮಿ ಕೊಟ್ಟು, ಗೋಣಿಚೀಲ ಹಾಸಿಕೊಂಡು ಅವರೇ ಲಾರಿಯಡಿಗೆ ನುಗ್ಗಿದ್ದಾರೆ. ಢಣ್ ಢಣ್ ಸುತ್ತಿಗೆ!

ನಾನು ಸ್ಕೂಲ್ ಟೀಚರು, ಒಂಟಿ ಹೆಂಗಸು, ಸದ್ದೆಂದರೆ ಸಿಡುಕುವವಳು. ಅದೂ ದಸರಾ ರಜೆ, ಮೇಜಿನ ತುಂಬ ತಿದ್ದಬೇಕಾದ ಪೇಪರುಗಳು. ಸೀರೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೋದೆ.

"ಗ್ಯಾರೇಜು ಅಂತ ಒಂದು ಇದೆ ಅಲ್ವೇನ್ರೀ?" ಎಂದೆ.

ಲಾರಿಯಡಿಯಿಂದ ತಲೆ ಮಾತ್ರ ಹೊರಗೆ ಬಂತು. "ಗ್ಯಾರೇಜ್ಗೋದ್ರೆ ಅವಳು ಕರ್ದಿದ್ದು ಯಾರ್ಗೆ ಕೇಳ್ಸುತ್ತೆ ಟೀಚರಮ್ಮ? ಸ್ವಲ್ಪ ಸೈರಿಸ್ಕೊಂಡ್ಬುಡಿ" ಎಂದರು.

ಆಕೆಯ ಕರೆಯೆಂದರೆ ಒಂದು ಸ್ಟೀಲ್ ಲೋಟ, ಒಂದು ಚಮಚ. ಎಡಗೈ ಒಂದೇ ಆಡುತ್ತಿತ್ತು. ಏನಾದರೂ ಬೇಕಾದರೆ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಲೋಟಕ್ಕೆ ಚಮಚದಿಂದ ಬಡಿಯಬೇಕು. ಅದು ಕೇಳಿಸಲಿ ಎಂದೇ ಅವರು ನಾಲ್ಕೇಟು ಹೊಡೆದು ಸುತ್ತಿಗೆ ನಿಲ್ಲಿಸುತ್ತಿದ್ದರು, ಕಿವಿಗೊಟ್ಟು ಕೇಳುತ್ತಿದ್ದರು, ಮತ್ತೆ ಹೊಡೆಯುತ್ತಿದ್ದರು. ಹಾಗೆ ನಿಲ್ಲಿಸಿದಾಗಲೆಲ್ಲ ಒಳಗಿನಿಂದ ಟಿಣ್ ಎನ್ನುತ್ತಿತ್ತು. ಇವರು ತೆವಳಿಕೊಂಡು ಹೊರಬಂದು, ಬಟ್ಟೆಗೆ ಕೈ ಒರೆಸಿಕೊಂಡು ಒಳಗೆ ಓಡುತ್ತಿದ್ದರು. ಹೋದಷ್ಟೇ ಬೇಗ ವಾಪಸ್ಸು.

"ನೀರೂ ಬೇಡ್ವಂತೆ, ಏನೂ ಬೇಡ್ವಂತೆ" ಎಂದು ಗೊಣಗಿಕೊಂಡು ಮತ್ತೆ ಲಾರಿಯಡಿಗೆ. ಹೀಗೆ ಓಡಾಡಿದರೆ ಕೆಲಸ ಯಾವಾಗ ಮುಗಿಯಬೇಕು?

ಒಂದು ದಿನ ಬ್ಲೇಡನ್ನು ಲಾರಿಗೆ ಹಿಡಿದಿಡುವ ಪಿನ್ನೊಂದು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅದಕ್ಕೆ ಬಿಡದೆ ಬಡಿಯಬೇಕಿತ್ತು. ಕಾಂಪೌಂಡಿನ ಹತ್ತಿರ ಬಂದು ಸಂಕೋಚದಿಂದ ಕೇಳಿದರು: "ಸ್ವಲ್ಪೊತ್ತು ಅವಳತ್ರ ಕೂತ್ಕೋತೀರಾ ಟೀಚರಮ್ಮ?" ನನಗೂ ಸಾಕಾಗಿತ್ತು, ಪೇಪರುಗಳ ಕಟ್ಟು ಎತ್ತಿಕೊಂಡು ಹೋದೆ.

ಆಕೆ ನನ್ನನ್ನು ನೋಡಿ ಅರ್ಧ ಬಾಯಲ್ಲಿ ನಕ್ಕರು. ಹೊರಗೆ ಸುತ್ತಿಗೆ ಒಂದೇ ಸಮ ಬಡಿಯುತ್ತಿತ್ತು, ನನ್ನ ತಲೆ ಸಿಡಿಯುತ್ತಿತ್ತು, ಆಕೆ ಮಾತ್ರ ಜೋಗುಳ ಕೇಳುವವರಂತೆ ಕಣ್ಣು ಮುಚ್ಚಿ ಆರಾಮಾಗಿ ಮಲಗಿದ್ದರು. ಸುತ್ತಿಗೆ ನಿಂತಿತು. ತಟ್ಟನೆ ಕಣ್ಣು ಬಿಟ್ಟರು. ಮುಖ ಬಿಳಿಚಿಕೊಂಡಿತು. ಕಣ್ಣು ಕಿಟಕಿಯ ಕಡೆ, ಕೈ ಚಮಚಕ್ಕಾಗಿ ತಡಕಾಡುತ್ತಿತ್ತು.

ಆಗ ನನಗೆ ಹೊಳೆಯಿತು. "ಲಾರಿ ಅವರ ಮೇಲೆ ಬಿತ್ತೇನೋ ಅಂತ ಭಯಾನಾ?" ಎಂದೆ. ಆಕೆಯ ಕಣ್ಣಲ್ಲಿ ನೀರು ತುಂಬಿಕೊಂಡಿತು. ಬೇಕಾಗಿದ್ದದ್ದು ನೀರಲ್ಲ, ಗಂಡ ಬದುಕಿದ್ದಾನೆ ಎನ್ನುವುದು ಗೊತ್ತಾದರೆ ಸಾಕಾಗಿತ್ತು.

ಹೊರಗೆ ಹೋಗಿ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟರು. "ಅಯ್ಯೋ... ನಾನ್ ನಿಲ್ಸ್ತಿದ್ದದ್ದೇ ಅವಳ್ದು ಕೇಳ್ಸ್ಲಿ ಅಂತ ಕಣಮ್ಮ" ಎಂದರು. ಕೈಯೆಲ್ಲ ಗ್ರೀಸು, ಮೊಣಕೈಯಿಂದಲೇ ಕಣ್ಣೊರೆಸಿಕೊಂಡರು.

ಅಂದಿನಿಂದ ಸುತ್ತಿಗೆ ನಿಲ್ಲಿಸಿದಾಗಲೆಲ್ಲ ಸ್ಪ್ಯಾನರಿನಿಂದ ಲಾರಿಗೆ ಒಂದು ಸಣ್ಣ ಏಟು ಕೊಡುತ್ತಿದ್ದರು. ಒಳಗಿನಿಂದ ಲೋಟ ಟಿಣ್ ಎನ್ನುತ್ತಿತ್ತು. ಮತ್ತೆ ಕೆಲಸ. ಪಿನ್ನು ಬಂತು, ಹೊಸ ಬ್ಲೇಡು ಕೂತಿತು, ಲಾರಿ ನೆಟ್ಟಗೆ ನಿಂತಿತು. ಆಕೆಯನ್ನು ಮಗುವಿನಂತೆ ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಯಾದವಗಿರಿಯವರೆಗೆ ಒಂದು ಸುತ್ತು ಹೋಗಿಬಂದರು. ಗೇಟಿನಲ್ಲಿ ನಿಂತು ನೋಡಿದ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮನೆಯಲ್ಲಿ ಲೋಟ ಬಡಿದರೆ ಕೇಳಿಸಿಕೊಳ್ಳುವವರು ಯಾರಿದ್ದರು?

ಮರುವರ್ಷ ಆಕೆ ತೀರಿಕೊಂಡರು. ಸಮಾಧಿಗೆ ಹೂವಿಟ್ಟು ಬಂದ ಮೇಲೆ ಬಹಳ ದಿನ ಲಾರಿ ಹೊರಡಲೇ ಇಲ್ಲ. ಕೊನೆಗೊಂದು ಮಧ್ಯಾಹ್ನ ಸುತ್ತಿಗೆಯ ಸದ್ದು ಕೇಳಿತು, ಇನ್ನೊಂದು ಕಡೆಯ ಬ್ಲೇಡಿಗೆ ಕೈಹಾಕಿದ್ದರು. ನಾಲ್ಕೇಟು ಹೊಡೆದು ನಿಲ್ಲಿಸಿದರು. ಆಮೇಲೆ, ಅಭ್ಯಾಸಬಲದಿಂದ ಇರಬೇಕು, ಸ್ಪ್ಯಾನರಿನ ಒಂದು ಸಣ್ಣ ಏಟು.

ಎಲ್ಲೂ ಸದ್ದಿಲ್ಲ. ಸುತ್ತಿಗೆಯೂ ಮೇಲೇಳಲಿಲ್ಲ.

ಅಡುಗೆಮನೆಯಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಲೋಟ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ಚಮಚದಿಂದ ಒಮ್ಮೆ ಬಡಿದೆ. ಬಡಿದ ಮೇಲೆ ಕಿಟಕಿಯಿಂದ ಹಿಂದೆ ಸರಿದೆ. ಅವರ ದುಃಖದಲ್ಲಿ ನನ್ನದೇನು ಅಧಿಕಪ್ರಸಂಗ? ಬಹಳ ಹೊತ್ತು ಏನೂ ಕೇಳಿಸಲಿಲ್ಲ... ಆಮೇಲೆ ಸುತ್ತಿಗೆ ಶುರುವಾಯಿತು. ಮತ್ತೆ ನಿಂತಾಗ ಸ್ಪ್ಯಾನರಿನ ಏಟು. ಮತ್ತೆ ನನ್ನ ಲೋಟ. ಕತ್ತಲಾಗುವವರೆಗೆ ಹಾಗೇ ನಡೆಯಿತು.

ಆಮೇಲೆ ಅವರು ಲಾರಿ ಮಾರಿ ತಮ್ಮನ ಮನೆಗೆ ಹೋದರು. ಹೋದ ಸ್ವಲ್ಪ ದಿನಕ್ಕೇ ಅವರು ತೀರಿಕೊಂಡ ಸುದ್ದಿ ಬಂತು.

ಗೇಟಿಗೆ ಗ್ರೀಸ್ ಹಚ್ಚಿದೆ, ಈಗ ಕಿರುಗುಟ್ಟುವುದಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಮೂರಂತಸ್ತಿನ ಮನೆ ಏಳುತ್ತಿದೆ. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆ, ಆದರೂ ನಾನು ಜಗಳಕ್ಕೆ ಹೋಗುವುದಿಲ್ಲ. ನಡುವೆ ಎಲ್ಲಾದರೂ ನಿಲ್ಲಿಸಿ ಕಿವಿಗೊಡುತ್ತಾರೇನೋ ಎಂದು ಕಾಯುತ್ತೇನೆ. ಯಾರೂ ನಿಲ್ಲಿಸುವುದಿಲ್ಲ.