ಮಾನ್ವಿ ದೇಶದ ರಫ್ತು

ನಮ್ಮನೆಯವರನ್ನು ನಾನು ಮೊದಲು ನೋಡಿದ್ದು ರಾಯಚೂರಿನ ಒಂದು ತರಬೇತಿ ಸಭಾಂಗಣದಲ್ಲಿ. ಆ ಹೊತ್ತಿಗೆ ಅವರು ವಿಮಾನ ಆಗಿದ್ದರು. ನಿಮ್ಮದು ಲವ್ ಮ್ಯಾರೇಜೋ, ಹಿರಿಯರು ಮಾಡಿದ್ದೋ ಅಂತ ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಕೇಳಿದವರು ನಕ್ಕು ಬೇರೆ ಮಾತಿಗೆ ಹೋಗುತ್ತಾರೆ. ಯಾರೂ ನಂಬದ ಕಾರಣಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನಾಗ ಮಾನ್ವಿ ತಾಲ್ಲೂಕಿನಲ್ಲಿ ಸಾಂಖ್ಯಿಕ ನಿರೀಕ್ಷಕಿ. ಹೆಸರು ಕೇಳಿದರೆ ದೊಡ್ಡ ಅಧಿಕಾರಿ ಅನ್ನಿಸಬೇಕು. ಕೆಲಸ ಅಂದರೆ ಮಳೆಯ ಅಳತೆ ಬರೆದುಕೊಳ್ಳುವುದು, ಎಲ್ಲೆಲ್ಲಿ ಭತ್ತ, ಎಲ್ಲೆಲ್ಲಿ ಹತ್ತಿ ಅಂತ ವರದಿ ಕೂಡಿಸುವುದು, ಸುಗ್ಗಿಯಲ್ಲಿ ಹೊಲಕ್ಕೆ ಹೋಗಿ ಗುಂಟೆಗೆಷ್ಟು ಫಸಲು ಬಂತು ಅಂತ ಕೊಯ್ಸಿ ತೂಗಿಸುವುದು. ನನ್ನ ಎದುರಿನ ಮೇಜಿನಲ್ಲಿ ನಿವೃತ್ತಿಗೆ ಬಂದ ಹಿರಿಯರೊಬ್ಬರಿದ್ದರು. ಮನೆಯಲ್ಲಿ ದಖ್ಖನಿ, ಕಚೇರಿಯಲ್ಲಿ ನಮಗಿಂತ ಚೊಕ್ಕ ಮಾನ್ವಿ ಕನ್ನಡ. ಎಲ್ಲರಿಗೂ ಅವರು ಚಾಚಾ.

ಒಂದು ಬೇಸಿಗೆಯಲ್ಲಿ ನಮ್ಮಿಬ್ಬರ ಹೆಸರಿಗೂ ಆದೇಶ ಬಂತು. ವಿಮಾನದ ಮೂಲಕ ನಡೆಯುವ ವಿದೇಶಿ ವ್ಯಾಪಾರದ ಅಂಕಿಅಂಶಗಳನ್ನು ಸರ್ಕಾರ ಹೇಗೆ ಕ್ರೋಡೀಕರಿಸುತ್ತದೆ ಎಂಬ ಬಗ್ಗೆ ರಾಯಚೂರಿನಲ್ಲಿ ಒಂದು ದಿನದ ತರಬೇತಿ. ಯಾವ ಜಿಲ್ಲೆಯ ಮಾಲು ಹೊರದೇಶಕ್ಕೆ ಹೋಯಿತು ಅಂತ ಈಗ ಕಾಗದದಲ್ಲಿ ಬರೆಯಬೇಕಂತೆ, ಆದ್ದರಿಂದ ಜಿಲ್ಲೆಯವರಿಗೂ ಅದು ತಿಳಿದಿರಬೇಕಂತೆ.

ಚಾಚಾ ಆದೇಶವನ್ನು ಕನ್ನಡಕ ತೆಗೆದು ಓದಿದರು, ಹಾಕಿಕೊಂಡು ಓದಿದರು. "ಬೇಟಿ, ಮಾನ್ವಿಗೆ ಇನ್ನಾ ರೈಲೇ ಬಂದಿಲ್ಲ. ನಾವು ಒಮ್ಮಿಗೇ ವಿಮಾನಕ್ಕ ಹೊಂಟೀವಲ್ಲ!"

ಆಗ ನಮ್ಮ ಮನೆಯಲ್ಲಿ ನನಗೆ ಗಂಡು ನೋಡುವ ಗದ್ದಲ. ಬಂದವರು ನನ್ನ ಪಗಾರ ಕೇಳುತ್ತಿದ್ದರು, ವರ್ಗಾವಣೆ ಯಾವಾಗ ಅಂತ ಕೇಳುತ್ತಿದ್ದರು, ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಅವರಲ್ಲಿ ಒಬ್ಬರೂ ನನ್ನನ್ನು ನಗಿಸಿರಲಿಲ್ಲ. ಹೀಗಾಗಿ ತರಬೇತಿ ಅಂದಾಗ ನನಗೆ ಜಾತ್ರೆಗೆ ಹೊರಟಷ್ಟು ಖುಷಿ. ಅವ್ವ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು.

ತರಬೇತಿ ಕೊಡಲು ಬೆಂಗಳೂರಿನಿಂದ ಒಬ್ಬ ಮೇಡಂ ಬಂದಿದ್ದರು. ಇಸ್ತ್ರಿ ಮುರಿಯದ ಕಾಟನ್ ಸೀರೆ, ಗಂಭೀರ ಮುಖ. ಪರದೆಯ ಮೇಲೆ ಒಂದರ ಹಿಂದೆ ಒಂದು ಚಿತ್ರ ಓಡಿಸುತ್ತ ರಫ್ತು, ಆಮದು, ಸರಕಿನ ಸಂಕೇತ ಸಂಖ್ಯೆ ಅಂತ ಹೇಳುತ್ತಿದ್ದರು. ಹೊರಗೆ ರಾಯಚೂರಿನ ಬಿಸಿಲು ಕಿಟಕಿಯ ಗಾಜು ಸುಡುತ್ತಿತ್ತು. ಸಿಂಧನೂರಿನಿಂದ ಬಂದವರು ಕೂತಲ್ಲೇ ನಿದ್ದೆ ಹೋದರು. ಲಿಂಗಸುಗೂರಿನವರು ನಿದ್ದೆಯಲ್ಲೇ ತಲೆ ಆಡಿಸಿ ಎಲ್ಲ ಅರ್ಥವಾದಂತೆ ತೋರಿಸುತ್ತಿದ್ದರು.

ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಬಿಳಿ ಗೋಡೆಯಾಯಿತು, ಫ್ಯಾನು ನಿಂತವು, ಮಲಗಿದ್ದವರೆಲ್ಲ ಎದ್ದರು. ಜನರೇಟರ್‌ಗೆ ಡೀಸೆಲ್ ಇಲ್ಲವೆಂದು ಗೊತ್ತಾಯಿತು.

ಊಟಕ್ಕೆ ಬಿಡುತ್ತಾರೆ ಅಂತ ನಾವು ಚಪ್ಪಲಿ ಹುಡುಕುತ್ತಿದ್ದೆವು. ಮೇಡಂ ಬಿಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮೇಜುಗಳನ್ನ ಮೂರು ಕಡೆ ಎಳೀರಿ. ಆ ಮೂಲೆ ಮಾನ್ವಿ ದೇಶ. ಈ ಮೂಲೆ ದೇವದುರ್ಗ ದೇಶ. ನಡುವೆ ರಾಯಚೂರು ದೇಶ. ಮಿಕ್ಕವರು ಯಾವುದಾದರೂ ದೇಶದ ಪ್ರಜೆಗಳಾಗಿ. ಈಗ ನನಗೊಂದು ವಿಮಾನ ಬೇಕು."

ಯಾರೂ ಮಿಸುಕಲಿಲ್ಲ. ಮೇಡಂ ಸಭೆಯನ್ನೆಲ್ಲ ನೋಡಿ, ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಎತ್ತರ ಕಾಣುತ್ತಿದ್ದವರ ಕಡೆ ಬೆರಳು ಮಾಡಿದರು. "ನೀವು ಬನ್ನಿ. ಕೈ ಉದ್ದ ಇದೆ."

ಎದ್ದು ಬಂದರು. ದೇವದುರ್ಗ ತಾಲ್ಲೂಕಿನಲ್ಲಿ ನನ್ನದೇ ಹುದ್ದೆಯಲ್ಲಿದ್ದವರು. ಫೋನಿನಲ್ಲಿ ದನಿ ಕೇಳಿದ್ದೆ, ಮುಖ ನೋಡಿರಲಿಲ್ಲ. ಬಂದು ನಿಂತು, ಎರಡೂ ಕೈ ಅಗಲ ಚಾಚಿ, ಬಹಳ ಗಂಭೀರವಾಗಿ ಕೇಳಿದರು. "ಮೇಡಂ, ಒಂದು ಎಂಜಿನ್ನಿಂದೋ, ಎರಡರದೋ?"

"ಎರಡರದು," ಅಂದರು ಮೇಡಂ, ಅಷ್ಟೇ ಗಂಭೀರವಾಗಿ.

ನಾನು ನಕ್ಕುಬಿಟ್ಟೆ. ಒಬ್ಬಳೇ ನಕ್ಕಿದ್ದರಿಂದ ಇಡೀ ಸಭಾಂಗಣಕ್ಕೆ ಕೇಳಿಸಿತು. ವಿಮಾನ ನನ್ನ ಕಡೆ ತಿರುಗಿ ನೋಡಿತು.

ಮೇಡಂ ಆಟದ ನಿಯಮ ಹೇಳಿದರು. ಮಾಲು ಕಳಿಸುವವರು ಚೀಟಿಯಲ್ಲಿ ಬರೆಯಬೇಕು: ಏನು ಸರಕು, ಎಷ್ಟು ತೂಕ, ಎಷ್ಟು ಬೆಲೆ, ಯಾವ ದೇಶಕ್ಕೆ. ಕಸ್ಟಮ್ಸಿನವರು ನೋಡಿ ಮುದ್ರೆ ಒತ್ತಬೇಕು. ವಿಮಾನ ನೆಲ ಬಿಟ್ಟು ಹೋದ ಮೇಲೇ ಅದು ರಫ್ತಿನ ಲೆಕ್ಕಕ್ಕೆ ಸೇರುತ್ತದೆ. ಆ ಕಡೆ ಇಳಿದಾಗ ಅವರೂ ತಮ್ಮ ಚೀಟಿ ಬರೆದು ಆಮದು ಅನ್ನಬೇಕು. "ಪ್ರಪಂಚದ ಎಲ್ಲ ವಿಮಾನ ನಿಲ್ದಾಣದಲ್ಲೂ ನಡೆಯೋದು ಇಷ್ಟೇ. ಅಲ್ಲಿ ಚೀಟಿ ಕಂಪ್ಯೂಟರಿನಲ್ಲಿರುತ್ತೆ. ತಿಂಗಳಿಗೊಮ್ಮೆ ಎಲ್ಲವನ್ನೂ ಕೂಡಿಸಿ ಸರ್ಕಾರ ಪ್ರಕಟಿಸುತ್ತೆ."

ಚಾಚಾ ನಮ್ಮ ಕಸ್ಟಮ್ಸ್ ಅಧಿಕಾರಿ. ಕುರ್ಚಿ ಸಿಕ್ಕಿದ್ದೇ ತಡ, ಅವರ ಖದರೇ ಬದಲಾಯಿತು. ಮೊದಲ ಸರಕು ಊಟಕ್ಕೆ ತರಿಸಿಟ್ಟ ಬಾಳೆಹಣ್ಣು, ದೇವದುರ್ಗಕ್ಕೆ. ಚಾಚಾ ಹಣ್ಣನ್ನು ತಿರುಗಿಸಿ, ಮೂಸಿ, "ಇದರಾಗ ಬಂಗಾರ ಗಿಂಗಾರ ಇಲ್ಲಲ್ಲ ಬೇಟಿ?" ಅಂತ ನನ್ನನ್ನೇ ವಿಚಾರಣೆ ಮಾಡಿದರು. ಆಮೇಲೆ ಸ್ಟಾಂಪ್ ಪ್ಯಾಡಿನಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದರು.

ವಿಮಾನ ಎರಡೂ ಕೈಯಲ್ಲಿ ಊಟದ ತಟ್ಟೆ ಇಟ್ಟುಕೊಂಡು, ಬಾಯಲ್ಲಿ ಬುರ್ ಅನ್ನುತ್ತ, ಕುರ್ಚಿಗಳ ನಡುವೆ ವಾಲಿ ವಾಲಿ ಹೋಗಿ ದೇವದುರ್ಗದಲ್ಲಿ ಇಳಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಮೇಡಂ ಎರಡೂ ದೇಶದ ಚೀಟಿ ಓದಿದರು. ನಾವು ಬರೆದ ಬೆಲೆಗಿಂತ ದೇವದುರ್ಗದವರು ಬರೆದದ್ದು ಜಾಸ್ತಿ ಇತ್ತು.

"ಸುಳ್ಳು ಬರದಾರ್ರೀ!" ಅಂತ ನಾನು ಎದ್ದು ನಿಂತೆ.

"ಯಾರು ಸುಳ್ಳು? ವಿಮಾನದ ಬಾಡಿಗಿ ನಿಮ್ಮಪ್ಪ ಕೊಡ್ತಾನೇನು?" ಅಂತ ಆ ಕಡೆಯಿಂದ ಕೂಗು.

ಅವರು ಹೇಳಿದ್ದೇ ಸರಿ ಅಂತ ಮೇಡಂ ತೀರ್ಪು ಕೊಟ್ಟರು. ಕಳಿಸುವವರು ತಮ್ಮ ನೆಲ ಬಿಡುವ ಹೊತ್ತಿನ ಬೆಲೆ ಬರೆಯುತ್ತಾರೆ. ತರಿಸಿಕೊಳ್ಳುವವರು ಅದಕ್ಕೆ ಸಾಗಣೆ ಬಾಡಿಗೆ, ವಿಮೆ ಸೇರಿಸಿ ಬರೆಯುತ್ತಾರೆ. ವಿಮಾನದ ಬಾಡಿಗೆ ದುಬಾರಿ, ಹಾಗಾಗಿ ವ್ಯತ್ಯಾಸವೂ ದೊಡ್ಡದು. ಇಬ್ಬರೂ ಸತ್ಯವನ್ನೇ ಬರೆದು ಜಗಳ ಆಡಬಹುದು ಅಂತ ನನಗೆ ಗೊತ್ತಾದದ್ದು ಅವತ್ತು. ಮುಂದೆ ಸಂಸಾರದಲ್ಲೂ ಕೆಲಸಕ್ಕೆ ಬಂತು.

ಎರಡನೇ ಹಾರಾಟಕ್ಕೆ ವಿಮಾನ ನಡುವೆ ರಾಯಚೂರಿನಲ್ಲಿ ಇಳಿದು ಹೋಗಬೇಕೆಂದು ಮೇಡಂ ಹೇಳಿದರು. ಇಳಿದದ್ದೇ ತಡ, ರಾಯಚೂರಿನವರು ತಟ್ಟೆ ಹಿಡಿದುಕೊಂಡರು. "ನಮ್ಮ ನೆಲದ ಮ್ಯಾಲೆ ಇಳದಾದ. ನಮ್ಮ ಲೆಕ್ಕಕ್ಕ ಬರಿತೀವಿ. ಜಿಲ್ಲಾ ಕೇಂದ್ರ ನಾವಾ!"

"ಬರೆಯೋ ಹಾಗಿಲ್ಲ," ಅಂದರು ಮೇಡಂ. "ಬರೀ ದಾಟಿ ಹೋಗೋ ಸರಕು ದಾಟುವ ದೇಶದ ವ್ಯಾಪಾರ ಅಲ್ಲ."

"ಬಸ್ ಸ್ಟ್ಯಾಂಡಿನ್ಯಾಗ ನಿಂತವರೆಲ್ಲ ರಾಯಚೂರಿನವರಾ ಏನ್ರೀ?" ಅಂತ ಚಾಚಾ ದನಿಗೂಡಿಸಿದರು. ಇಡೀ ಸಭೆ ಹೋ ಅಂದಿತು. ಮಾನ್ವಿ ದೇಶಕ್ಕೆ ಜಯವಾಗಲಿ ಅಂತ ಯಾರೋ ಕೂಗಿದರು. ದೇವದುರ್ಗದವರು ಮೇಜು ಬಡಿದು ತಮ್ಮ ದೇಶಕ್ಕೆ ಜೈ ಅಂದರು. ಬೆಳಿಗ್ಗೆಯೆಲ್ಲ ಮಲಗಿದ್ದ ಸಿಂಧನೂರಿನವರು ಪೌರತ್ವ ಬದಲಿಸಿ ನಮ್ಮ ಕಡೆ ಬಂದರು. ಬೆವರು ಸುರಿಯುತ್ತಿತ್ತು, ಯಾರಿಗೂ ಕರೆಂಟಿನ ನೆನಪೇ ಇರಲಿಲ್ಲ.

ದೇಶಪ್ರೇಮದ ಹುಮ್ಮಸ್ಸಿನಲ್ಲಿ ನಾನು ನನ್ನ ಡಬ್ಬಿ ತೆಗೆದೆ. "ಈ ಸಲ ಶೇಂಗಾ ಹೋಳಿಗಿ. ಅಸಲಿ ಮಾನ್ವಿ ಮಾಲು." ಚಾಚಾ ಮುದ್ರೆ ಒತ್ತಿದರು. ನಾನೇ ಎರಡೂ ತಟ್ಟೆಗೆ ಹಂಚಿಟ್ಟೆ. ವಿಮಾನ ಹತ್ತಿರ ಬಂದು ಪಿಸುದನಿಯಲ್ಲಿ, "ತುಪ್ಪ ಹಚ್ಚೀರೇನ್ರಿ?" ಅಂತ ಕೇಳಿತು.

"ಹಚ್ಚೀನ್ರಿ. ಹುಷಾರಾಗಿ ಒಯ್ರಿ," ಅಂದೆ.

ವಿಮಾನ ಹಾರಿತು. ಈ ಸಲ ನೇರ ಹೋಗದೆ ಸುತ್ತು ಹಾಕಿ, ಹಿಂದಿನ ಕಂಬದ ಮರೆಗೆ ಹೋಯಿತು. ಬುರ್ ಅನ್ನುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು, ಆದರೆ ಬೇರೆ ಥರ, ಬಾಯಲ್ಲಿ ಏನೋ ಇಟ್ಟುಕೊಂಡ ಹಾಗೆ.

ದೇವದುರ್ಗದವರು ಎಣಿಸಿದರು. ಎರಡು ಹೋಳಿಗೆ ಕಡಿಮೆ.

ಮೇಡಂ ವಿಮಾನದ ಎದುರು ಹೋಗಿ ನಿಂತರು. ವಿಮಾನದ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು, ಕೆನ್ನೆ ಉಬ್ಬಿತ್ತು.

"ಏನಾಯಿತು?" ಅಂದರು ಮೇಡಂ.

ವಿಮಾನ ಕಷ್ಟಪಟ್ಟು ನುಂಗಿ ಹೇಳಿತು. "ಹವಾಮಾನ ಸರಿ ಇರಲಿಲ್ರಿ ಮೇಡಂ."

ಮೇಡಂ ತುಟಿ ಬಿಗಿಹಿಡಿದರು. ಭುಜ ಅಲುಗಿತು. ಕನ್ನಡಕ ತೆಗೆದರು. ಆಮೇಲೆ ಆ ಗಂಭೀರ ಹೆಂಗಸು ರಾಯಚೂರು ದೇಶದ ಕುರ್ಚಿಯೊಂದರಲ್ಲಿ ಕುಸಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಕ್ಕಿದ್ದು ನೋಡಿ ನಾವು ಮತ್ತಷ್ಟು ನಕ್ಕೆವು. ಚಾಚಾ ನಗುತ್ತ ನಗುತ್ತ ಕೆಮ್ಮತೊಡಗಿದರು, ನಾವು ಅವರ ಬೆನ್ನು ಗುದ್ದಬೇಕಾಯಿತು.

ಸುಧಾರಿಸಿಕೊಂಡ ಮೇಲೆ ಮೇಡಂ ಕಣ್ಣೊರೆಸಿಕೊಂಡು ಪಾಠ ಮುಗಿಸಿದರು. "ಇದಕ್ಕೂ ನಿಯಮ ಇದೆ. ಕಳಿಸಿದ ದೇಶದ ಗಡಿ ದಾಟಿದ ಮೇಲೆ ಸರಕು ದಾರಿಯಲ್ಲಿ ನಾಶವಾದರೆ, ಕಳಿಸಿದವರ ರಫ್ತಿನಲ್ಲಿ ಅದು ಉಳಿಯುತ್ತೆ. ತಲುಪಬೇಕಾದವರ ಆಮದಿನಲ್ಲಿ ಬರೋದಿಲ್ಲ. ಮಾನ್ವಿಯ ಲೆಕ್ಕ ಹಾಗೇ ಇರಲಿ."

ಮಾನ್ವಿ ದೇಶ ಕುಣಿಯಿತು. ವಿಮಾನ ರೆಕ್ಕೆ ಮಡಚಿಕೊಂಡು ನನ್ನ ಹತ್ತಿರ ಬಂತು. "ನಿಮ್ಮ ಲೆಕ್ಕ ಉಳೀತಲ್ರಿ."

"ಹೋಳಿಗಿ ಉಳೀಲಿಲ್ಲಲ್ರಿ," ಅಂದೆ. ಸಿಟ್ಟು ತೋರಿಸಬೇಕೆಂದಿದ್ದೆ, ನಗು ತಡೆಯಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವರು ದೇವದುರ್ಗದ ಬಸ್ಸು ಹತ್ತಿದರು, ನಾನೂ ಚಾಚಾನೂ ಮಾನ್ವಿಯದು. ಕಲ್ಮಲದ ತನಕ ಎರಡಕ್ಕೂ ಒಂದೇ ದಾರಿ. ಅವರ ಬಸ್ಸು ಮುಂದೆ, ನಮ್ಮದು ಹಿಂದೆ. ಒಂದು ತಿರುವಿನಲ್ಲಿ ನೋಡುತ್ತೇನೆ, ಮುಂದಿನ ಬಸ್ಸಿನ ಕಿಟಕಿಯಿಂದ ಒಂದು ಉದ್ದ ಕೈ ಹೊರಗೆ ಬಂದಿದೆ, ರೆಕ್ಕೆ ಹಾಗೆ ಮೇಲೆ ಕೆಳಗೆ ಆಡುತ್ತಿದೆ. ಕಂಡಕ್ಟರ್ ಬೈದಿರಬೇಕು, ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಪಕ್ಕದಲ್ಲಿ ಚಾಚಾ ಕಣ್ಣು ಮುಚ್ಚಿಕೊಂಡೇ, "ನಾ ಏನೂ ನೋಡಿಲ್ಲ ಬೇಟಿ," ಅಂದರು. ಕಲ್ಮಲದಲ್ಲಿ ಬಸ್ಸುಗಳು ಬೇರೆಯಾದವು. ಆ ಕೈ ಮರೆಯಾಗುವ ತನಕ ನಾನು ಕುತ್ತಿಗೆ ಹೊರಳಿಸಿ ನೋಡಿದೆ.

ಮರುದಿನದಿಂದ ಫೋನು. "ಮಾನ್ವಿ ದೇಶದಾಗ ಮಳಿ ಬಂತೇನ್ರಿ?" ಬೇಸಿಗೆಯಲ್ಲಿ ಎಲ್ಲಿಯ ಮಳೆ? ಆದರೂ ನಾನು, "ಇನ್ನಾ ಇಲ್ರಿ, ನಿಮ್ಮ ಕಡೆ?" ಅನ್ನುತ್ತಿದ್ದೆ. ಮುಂಗಾರು ಬಂದಾಗ ನಮಗೆ ಮಾತಾಡಲು ನಿಜವಾದ ಕಾರಣ ಸಿಕ್ಕಿತು. ನಮ್ಮ ಎರಡು ತಾಲ್ಲೂಕಿನ ಮಳೆ ವರದಿ ಇಡೀ ಜಿಲ್ಲೆಯಲ್ಲಿ ಎಲ್ಲರಿಗಿಂತ ಮೊದಲು ಮುಟ್ಟುತ್ತಿತ್ತು. ನಮ್ಮ ಮೇಲಧಿಕಾರಿ ನಮ್ಮಿಬ್ಬರನ್ನೂ ಸಭೆಯಲ್ಲಿ ಹೊಗಳಿದರು. ಮನೆಗೆ ಬಂದ ಗಂಡುಗಳಿಗೆಲ್ಲ ನಾನು ಒಲ್ಲೆ ಅಂದೆ. ಕಾರಣ ಕೇಳಿದರೆ ಅವ್ವನಿಗೆ ಏನು ಹೇಳಲಿ? ಆ ಮನುಷ್ಯ ಮಾತ್ರ ಮಳೆ ಬಿಟ್ಟು ಬೇರೆ ಮಾತೇ ಎತ್ತುತ್ತಿರಲಿಲ್ಲ. ಒಂದು ಸಲ ಗಾಳಿಯ ವೇಗ ಕೇಳಿದರು, ಅಷ್ಟೇ.

ಹಿಂಗಾರಿನ ಜೋಳ ಕೊಯ್ಲಿಗೆ ಬಂದಾಗ ನಮ್ಮಿಬ್ಬರನ್ನೂ ರಾಯಚೂರು ಹತ್ತಿರದ ಚಂದ್ರಬಂಡದ ಒಂದು ಹೊಲಕ್ಕೆ ತಪಾಸಣೆಗೆ ಹಾಕಿದರು. ಗೂಟ ನೆಟ್ಟು, ಹಗ್ಗ ಕಟ್ಟಿ, ಚೌಕದೊಳಗಿನ ತೆನೆಯನ್ನಷ್ಟೇ ಕೊಯ್ಸಿ ತೂಗಬೇಕು. ಅವರು ಟೇಪಿನ ಒಂದು ತುದಿ ಹಿಡಿದಿದ್ದರು, ನಾನು ಇನ್ನೊಂದು. ಜೋಳ ಎದೆಮಟ್ಟ. ತಂಪು ಗಾಳಿ. ಅವರು ಅಳತೆ ಕೂಗುವ ಬದಲು ನನ್ನನ್ನೇ ನೋಡುತ್ತ ನಿಂತಿದ್ದರು. ಈ ಮನುಷ್ಯ ಬಾಯಿ ಬಿಡುವುದರೊಳಗೆ ನನಗೆ ನಿವೃತ್ತಿ ಆಗುತ್ತದೆ ಅನ್ನಿಸಿತು.

"ರೀ," ಅಂತ ಆ ತುದಿಯಿಂದ ಕೂಗಿದೆ, "ನನ್ನ ಮದಿವಿ ಆಗ್ತೀರೇನ್ರಿ?"

ಟೇಪು ಅವರ ಕೈಯಿಂದ ಜಾರಿ, ಸುರ್ ಅಂತ ನನ್ನ ಕಡೆ ಬಂದು ತನ್ನ ಡಬ್ಬಿಯೊಳಗೆ ಸುತ್ತಿಕೊಂಡಿತು. ಅವರು ಜೋಳದೊಳಗೆ ಕೂತುಬಿಟ್ಟರು. ಎಲ್ಲಿ ಹೋದರು ಅಂತ ನಾನು ಹುಡುಕುವಷ್ಟರಲ್ಲಿ ಎದ್ದು, "ಆಗ್ತೀನ್ರಿ! ಆಗ್ತೀನಿ!" ಅಂತ ಜೋಳದ ನಡುವೆಯೇ ಓಡತೊಡಗಿದರು. ಹಕ್ಕಿಗಳೆಲ್ಲ ಎದ್ದವು. ತೆನೆ ಕೊಯ್ಯುತ್ತಿದ್ದ ಮುದುಕಿ ಕುಡುಗೋಲು ಕೈಯಲ್ಲಿ ಹಿಡಿದೇ ಗಾಬರಿಯಿಂದ ನಿಂತಳು.

"ಏನಾತೋ ಯಪ್ಪಾ, ಹಾವೇನು?"

"ಹಾವಲ್ಲ ಯವ್ವಾ, ಮದಿವಿ!"

"ಯಾರದು?"

ಅವರು ನನ್ನ ಕಡೆ ಕೈ ತೋರಿಸಿದರು. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಅವರನ್ನೂ ನೋಡಿದಳು. "ಹಂಗಾದ್ರ ತುಳೀಬ್ಯಾಡ್ರಿ, ಪೈರು ಹಾಳಾಕ್ಕೈತಿ. ಬದುವಿನ ಮ್ಯಾಲೆ ನಿಂದರ್ರಿ ಇಬ್ಬರೂ," ಅಂದು, ಮತ್ತೆ ಬಗ್ಗಿ ಕೊಯ್ಯಲು ಶುರುಮಾಡಿದಳು. ನಾವಿಬ್ಬರೂ ಹೇಳಿದ ಹಾಗೆ ಬದುವಿನ ಮೇಲೆ ಹೋಗಿ ನಿಂತೆವು.