ಅಂಗೈ ಮೇಲೆ ಕೂತ ಸರೋಜಿನಿ ಸಿಸ್ಟರ್

ಸರೋಜಿನಿ ಸಿಸ್ಟರ್ ತಮ್ಮ ಎರಡೂ ಅಂಗೈಗಳ ಮೇಲೆ ಕೂರುತ್ತಿದ್ದರು. ಉತ್ಪ್ರೇಕ್ಷೆ ಅಲ್ಲ. ಕುರ್ಚಿ ಎಳೆದುಕೊಂಡು, ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ತಮ್ಮ ದೊಡ್ಡ ಮೈಯನ್ನು ಇಳಿಸಿದರೆಂದರೆ, ಆಕಾಶವೇ ಕಳಚಿ ಬಿದ್ದರೂ ಆ ಕೈಗಳು ಹೊರಗೆ ಬರುತ್ತಿರಲಿಲ್ಲ. ಎದುರಿಗೆ ನಾನು ಅಳುತ್ತಿದ್ದೆ. ಮಡಿಲಲ್ಲಿ ಮಗ ಅಳುತ್ತಿದ್ದ. ಹಾಲು ಕುಡಿಸುವುದನ್ನು ಕಲಿಸಿಕೊಡಲು ಬಂದ ಈ ಮಹಾತಾಯಿ ಮಾತ್ರ ಬಾಯೊಂದನ್ನು ಬಿಟ್ಟು ಬೇರೇನನ್ನೂ ಆಡಿಸುತ್ತಿರಲಿಲ್ಲ.

ನಾವು ಮಂಡ್ಯದ ಕಡೆಯವರು. ನನ್ನವರಿಗೆ ವಿಶಾಖಪಟ್ಟಣದ ಪಕ್ಕದ ಪರವಾಡದ ಔಷಧಿ ಕಾರ್ಖಾನೆಯಲ್ಲಿ ಕೆಲಸ, ಮನೆ ಅಲ್ಲೇ ಪೆಂಡುರ್ತಿಯಲ್ಲಿ. ಮಗ ಹುಟ್ಟಿದ್ದು ವಿಶಾಖಪಟ್ಟಣದಲ್ಲೇ. ಹುಟ್ಟಿದಾಗಿನಿಂದ ಅವನಿಗೂ ನನಗೂ ಹಾಲಿನ ವಿಷಯಕ್ಕೆ ಜಗಳ. ಎದೆಗೆ ಹಾಕಿಕೊಂಡರೆ ವಸಡಿನಿಂದ ಜಗಿಯುತ್ತಿದ್ದ, ಲೊಚಲೊಚ ಸದ್ದು ಮಾಡುತ್ತಿದ್ದ, ಸುಸ್ತಾಗಿ ಅರೆಹೊಟ್ಟೆಯಲ್ಲೇ ನಿದ್ದೆ ಹೋಗುತ್ತಿದ್ದ. ನನಗೆ ಗಾಯ, ಅವನಿಗೆ ಹಸಿವು. ತೂಕ ಮಾತ್ರ ಏರಲೊಲ್ಲದು. ನನ್ನವರ ಅಕ್ಕನ ಮನೆ ವಿಜಯವಾಡದಲ್ಲಿ, ಅವರಿಗೆ ಪರಿಚಯದ ಮಕ್ಕಳ ಡಾಕ್ಟರೊಬ್ಬರು ಅಲ್ಲಿದ್ದರು. ಅವರು ಮಗನ ನಾಲಿಗೆ ಎತ್ತಿ ನೋಡಿದರು, ನಾನು ಕುಡಿಸುವುದನ್ನೂ ನೋಡಿದರು. ನಾಲಿಗೆಯ ಅಡಿಯ ಪೊರೆ ಬಿಗಿಯಾಗಿದೆ, ಎಲ್ಲ ಮಕ್ಕಳಿಗೂ ಇದನ್ನು ಬಿಡಿಸಬೇಕೆಂದೇನಿಲ್ಲ, ಇವನಿಗೆ ಬಿಡಿಸಿದರೆ ಅನುಕೂಲ ಎಂದರು. ಸರಿ, ದಿನ ಗೊತ್ತುಮಾಡಿ ಅತ್ತೆಯನ್ನೂ ಕರೆದುಕೊಂಡು ಮತ್ತೆ ಹೋದೆವು. ನಮ್ಮ ಜಾಣತನ ನೋಡಿ, ಅದೇ ಸಂಜೆಯ ರೈಲಿಗೆ ವಾಪಸ್ ಟಿಕೆಟ್ಟನ್ನೂ ಮಾಡಿಸಿದ್ದೆವು. ಕ್ಷೌರ ಮಾಡಿಸಿಕೊಂಡು ಬಂದ ಹಾಗೆ ಬಂದುಬಿಡುವ ಲೆಕ್ಕಾಚಾರ.

ಪೊರೆ ಬಿಡಿಸಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮಗನಿಗಿಂತ ನಾನೇ ಹೆಚ್ಚು ಅತ್ತೆ. ತಕ್ಷಣ ಕುಡಿಸಿ ಎಂದರು, ಎದೆಗೆ ಹಾಕಿಕೊಂಡೆ. ಪುಣ್ಯಾತ್ಮ ಹಳೆಯ ಹಾಗೇ ಜಗಿದ! ಆಗ ಒಳಗೆ ಬಂದವರು ಆಸ್ಪತ್ರೆಯಲ್ಲಿ ಬಾಣಂತಿಯರಿಗೆ ಹಾಲೂಡಿಸುವುದನ್ನು ಕಲಿಸುವ ಸರೋಜಿನಿ ಸಿಸ್ಟರ್. ಹುಟ್ಟೂರು ಬಳ್ಳಾರಿ, ಕೊಟ್ಟ ಊರು ವಿಜಯವಾಡ.

"ನಾಲಿಗೆ ಬಿಡಿಸಿ ಆಯ್ತಲ್ಲ ಸಿಸ್ಟರ್, ಇನ್ನೂ ಯಾಕೆ ಹೀಗೆ? ಸಂಜೆ ರೈಲಿಗೆ ಟಿಕೆಟ್ ಬೇರೆ ಆಗಿದೆ" ಎಂದೆ.

"ಹಗ್ಗ ಬಿಚ್ಚಿದ ಕೂಡ್ಲೆ ಕರ ಓಡ್ತೈತೇನಮ್ಮಾ? ಕಾಲು ಜೋಮು ಹಿಡದಿರ್ತೈತಿ. ನಡಿಯಾದು ಕಲೀಬೇಕು ಅದು. ಕಂಗಾರು, ಗಾಬ್ರಿ ಪಡಬ್ಯಾಡ. ಮೊದ್ಲು ಆ ಟಿಕೆಟ್ ಕ್ಯಾನ್ಸಲ್ ಮಾಡ್ಸು."

ನನ್ನವರು ಶಿಫ್ಟಿಗೆಂದು ಒಬ್ಬರೇ ಹಿಂದಿರುಗಿದರು. ನಾನು, ಮಗ, ಅತ್ತೆ ಅಕ್ಕನ ಮನೆಯಲ್ಲಿ ಉಳಿದೆವು. ಆ ಮನೆ ಸಿಸ್ಟರು ಡ್ಯೂಟಿ ಮುಗಿಸಿ ಹೋಗುವ ದಾರಿಯಲ್ಲಿತ್ತು. ಕನ್ನಡದವರು ಸಿಕ್ಕರೆಂಬ ಖುಷಿಗೆ ದಿನಾ ಸಂಜೆ ಬರತೊಡಗಿದರು. ಪ್ಲಾಸ್ಟಿಕ್ ವಯರಿನಿಂದ ಹೆಣೆದ ಹಳೆಯ ಕುರ್ಚಿಯೊಂದಿತ್ತು, ಅದೇ ಬೇಕು. ಕೂತರು, ಕೈ ಒಳಗೆ ಹೋಯಿತು. ಅತ್ತೆ ತಂದಿಟ್ಟ ಕಾಫಿ ಆರಿ ಕೆನೆಗಟ್ಟಿದರೂ ಆ ಕೈ ಲೋಟದ ಕಡೆಗೆ ಬರುತ್ತಿರಲಿಲ್ಲ. ಅತ್ತೆಗೆ ಅದೊಂದು ಅವಮಾನ.

"ತಲೆ ಒತ್ತಬ್ಯಾಡ, ಬೆನ್ನು ಹಿಡಿ. ಗದ್ದ ಮೊದ್ಲು ತಾಗ್ಲಿ. ತಡಿ, ಬಾಯಿ ಅಗಲ ತೆಗೀಲಿ. ಅಯ್ಯ, ನನ್ನೇನ್ ನೋಡ್ತಿ, ಕೂಸಿನ್ನ ನೋಡು!"

ಈ ಕೊನೆಯ ಮಾತನ್ನು ದಿನಕ್ಕೆಷ್ಟು ಸಲ ಕೇಳಿಸಿಕೊಂಡೆನೋ ದೇವರೇ ಬಲ್ಲ. "ಒಂದೇ ಒಂದು ಸಲ ನೀವೇ ಹಾಕಿಕೊಡಿ ಸಿಸ್ಟರ್" ಎಂದು ಅಂಗಲಾಚಿದರೆ, "ಇವತ್ತು ನಾನು ಹಾಕಿದೆ ಅಂತಿಟ್ಕ. ನಾಳೆ ಪೆಂಡುರ್ತಿಯಾಗ ಯಾರು ಹಾಕ್ತಾರ?" ಎನ್ನುತ್ತಿದ್ದರು. ನಿಜವೇ. ಆದರೆ ನನಗಾಗ ನಿಜ ಬೇಕಿರಲಿಲ್ಲ, ಕೈ ಬೇಕಿತ್ತು. ಅತ್ತೆ ಊರಿನ ಇಂದ್ರಕೀಲಾದ್ರಿ ಬೆಟ್ಟದ ಕಡೆ ತಿರುಗಿ ದುರ್ಗಮ್ಮನಿಗೆ ಹರಕೆ ಹೊತ್ತರೆ, "ಹರಕಿ ಅಮ್ಮೋರಿಗಿರ್ಲಿ, ಗದ್ದ ನಿಮ್ ಸೊಸೀನೇ ತಾಗಸ್ಬೇಕು" ಎಂದು ಅದಕ್ಕೂ ಒಂದು ಕೊಕ್ಕೆ.

ಒಂದು ವಿಷಯದಲ್ಲಿ ಮಾತ್ರ ಹಟವಿರಲಿಲ್ಲ. ಮಗ ಸರಿಯಾಗಿ ಕುಡಿಯದ ಹೊತ್ತಿನಲ್ಲಿ ಹಾಲು ಹಿಂಡಿ ತೆಗೆದು ಅತ್ತೆಯ ಬೆಳ್ಳಿ ಒಳಲೆಯಲ್ಲಿ ಕುಡಿಸಲು ಹೇಳುತ್ತಿದ್ದರು. "ಹೊಟ್ಟಿ ಮೊದ್ಲು, ಹಟ ಆಮ್ಯಾಲ" ಎಂಬುದು ಅವರ ಗಾದೆ.

ಒಂದು ಸಂಜೆ ಸಿಸ್ಟರು ಬರುವ ಹೊತ್ತಿಗೆ ಅತ್ತೆ ಸಾಣೆಕಲ್ಲಿನ ಮುಂದೆ ಬಜೆ ಬೇರು ಹಿಡಿದು ಕೂತಿದ್ದರು. ಬಿಡಿಸಿದ ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಚುರುಕಾಗುತ್ತದೆ ಎಂದು ಅವರ ನಂಬಿಕೆ.

"ಅಮ್ಮಾರೇ, ಬಜಿ ಮಾತಿಗಲ್ಲೇನು?"

"ಹೂಂ ಕಣಮ್ಮ. ಮಾತು ಚೆನ್ನಾಗಿ ಬರ್ಲಿ ಅಂತ."

"ಅವನಿಗೀಗ ಮಾತು ಬ್ಯಾಡ, ಊಟ ಬೇಕು. ಆ ಗಾಯಕ್ಕ ಏನೂ ಹಚ್ಚಂಗಿಲ್ಲ. ಮಾತು ಸಾಲದಿರಾದು ನನಗ, ಕೊಡ್ರಿಲ್ಲಿ" ಎಂದವರೇ ಬೇರನ್ನು ಕಿತ್ತುಕೊಂಡು ಒಂದು ತುದಿ ಕಚ್ಚಿ ಅಗಿದೇಬಿಟ್ಟರು. ಕಹಿಗೆ ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು. ಆದರೂ ಉಗುಳಲಿಲ್ಲ. ಇಷ್ಟಾದ ಮೇಲೂ ಅತ್ತೆ ನಗಲಿಲ್ಲ, "ಇದ್ದ ಮಾತೇ ತಡ್ಕಳಕ್ಕಾಗಲ್ಲ" ಎಂದು ಗೊಣಗುತ್ತ ಒಳಗೆ ಹೋದರು.

ಸಿಸ್ಟರನ್ನು ನಾನು ಕೊನೆಯ ಸಲ ನೋಡಿದ ದಿನದ ವಿಷಯ ಹೇಳಬೇಕು. ಅದರ ಮರುದಿನವೇ ಮಗಳ ಬಾಣಂತನಕ್ಕೆಂದು ರಜೆ ಹಾಕಿ ಬಳ್ಳಾರಿಗೆ ಹೋದವರು ಮತ್ತೆ ಕೆಲಸಕ್ಕೆ ಮರಳಲೇ ಇಲ್ಲ. ಮಗನ ತೂಕ ಏರಿದ ಸುದ್ದಿಯನ್ನು ನಾನು ಹೇಳಿದ್ದೂ ಫೋನಿನಲ್ಲೇ.

ಆ ಸಂಜೆ ನನಗೆ ಸಾಕುಬೇಕಾಗಿತ್ತು. ದಿನದಿಂದ ದಿನಕ್ಕೆ ಒಂಚೂರು ವಾಸಿ ಎನಿಸಿದರೂ ನೋವು ಹೋಗಿರಲಿಲ್ಲ. "ನನ್ನ ಕೈಲಾಗಲ್ಲ ಸಿಸ್ಟರ್. ಡಬ್ಬಿ ಹಾಲೇ ಕೊಡ್ತೀನಿ" ಎಂದು ಕಿರುಚಿದೆ.

"ಕೊಡು. ತಪ್ಪೇನೈತಿ? ಎಷ್ಟೋ ಕೂಸು ಅದ್ರಾಗ ದುಂಡಗೆ ಬೆಳದಾವು" ಎಂದರು. ಆಮೇಲೆ ಮೆಲ್ಲಗೆ, "ಆದ್ರ ಅದು ನಿನ್ನ ಇಷ್ಟಾನೋ, ನನ್ ಮ್ಯಾಲಿನ ಸಿಟ್ಟೋ, ಅಷ್ಟು ನೋಡ್ಕ" ಎಂದರು.

ಸಿಟ್ಟೇ. ಮೈಯೆಲ್ಲ ಸಿಟ್ಟೇ. ಅವರ ಮುಖ ನೋಡಬಾರದೆಂದು ಬೆನ್ನು ತಿರುಗಿಸಿ ಮಗನನ್ನು ಎತ್ತಿಕೊಂಡೆ. ಬೆನ್ನು ಹಿಡಿದೆ, ಗದ್ದ ತಾಗಿಸಿದೆ, ಕಾದೆ. ಮಗ ಬಾಯಿ ತೆರೆದ. ಆಕಳಿಸುವಾಗ ತೆರೆಯುತ್ತಾರಲ್ಲ, ಅಷ್ಟಗಲ. ಎದೆಗೆ ಅಂಟಿಕೊಂಡ. ನೋವಿಗಾಗಿ ಹಲ್ಲು ಕಚ್ಚಿ ಕಾದೆ, ನೋವು ಬರಲಿಲ್ಲ. ಲೊಚಲೊಚ ಸದ್ದೂ ಇಲ್ಲ. ಗುಟುಕು ಗುಟುಕಾಗಿ ನುಂಗುವ ಸದ್ದು ಮಾತ್ರ. ಇಷ್ಟು ದಿನ ಇದೊಂದು ಸದ್ದಿಗಾಗಿ ನಾನು ಸತ್ತಿದ್ದೆ.

ನೋಡಿದಿರಾ ಎಂದು ಬೀಗುತ್ತಾ ತಿರುಗಿದೆ. ಸಿಸ್ಟರು ಅಂಗೈಗಳನ್ನು ಹೊರಗೆ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಅಂಗೈಗಳ ತುಂಬಾ ಕುರ್ಚಿಯ ವಯರಿನ ಹೆಣಿಗೆ ಕೆಂಪಗೆ ಅಚ್ಚೊತ್ತಿತ್ತು. ಅಲ್ಲಲ್ಲಿ ಚರ್ಮ ಕಂದಿತ್ತು. ಮುಂದೆ ಚಾಚಿಬಿಡಬಾರದೆಂದು ಈ ಹೆಂಗಸು ಆ ಕೈಗಳನ್ನು ಎಷ್ಟು ಒತ್ತಿ ಹಿಡಿದಿದ್ದರೋ. ನಾನು ಅವನ್ನೇ ನೋಡುತ್ತ ಉಳಿದೆ.

ಸಿಸ್ಟರು ತಟ್ಟನೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ರೇಗಿದರು: "ನನ್ನೇನ್ ನೋಡ್ತಿ, ಕೂಸಿನ್ನ ನೋಡು!"