ಭಾವ ಕಿತ್ತ ಹಲ್ಲು

ಅಕ್ಕನ ಗಂಡ ಹಲ್ಲಿನ ಡಾಕ್ಟರು. ವಿಜಯನಗರದಲ್ಲಿ ಅವರ ಕ್ಲಿನಿಕ್ಕು. ಮನೆಯವರೇ ಡಾಕ್ಟರಾಗಿರುವಾಗ ಬೇರೆ ಕಡೆ ಹೋದರೆ ಚೆನ್ನಾಗಿರುವುದಿಲ್ಲ ಎಂದು, ಕೆಳದವಡೆಯ ಕೊನೆಯ ಹಲ್ಲು ನೋಯತೊಡಗಿದಾಗ ಅವರ ಕುರ್ಚಿಯಲ್ಲೇ ಹೋಗಿ ಕೂತೆ. ಅರ್ಧ ಗಂಟೆಯ ಕೆಲಸ ಎಂದಿದ್ದರು, ಎರಡು ಗಂಟೆ ಹಿಡಿಯಿತು. ಮಧ್ಯೆ ಏನೋ ಮುರಿದ ಸದ್ದು ನನ್ನ ತಲೆಯೊಳಗೇ ಕೇಳಿತು. ಭಾವ ಬೆವರುತ್ತಿದ್ದರು. ಕೊನೆಗೆ ಒಂದು ಎಕ್ಸ್‌ರೇ ತೆಗೆದು, ಕಂಪ್ಯೂಟರನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿ, "ಎಲ್ಲಾ ಬಂತು ಕಣಮ್ಮ, ಮನೆಗೆ ಹೋಗು" ಎಂದರು.

ಇಂಜೆಕ್ಷನ್ನಿನಿಂದ ಬಂದ ಜೋಮು ಮರುದಿನವೂ ಇಳಿಯಲಿಲ್ಲ, ಮರುವಾರವೂ ಇಳಿಯಲಿಲ್ಲ. ಕೆಳತುಟಿಯ ಬಲಭಾಗ, ಗಲ್ಲ ಎರಡೂ ಬೇರೆ ಯಾರದ್ದೋ ಎಂಬಂತೆ ಮರಗಟ್ಟಿದ್ದವು. ಕಾಫಿ ಕುಡಿದು ತುಟಿ ಸುಟ್ಟುಕೊಂಡದ್ದು ಕನ್ನಡಿ ನೋಡಿದಾಗ ತಿಳಿಯಿತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟ ಮಾಡುತ್ತಿದ್ದಾಗ ಪಕ್ಕದಲ್ಲಿದ್ದವರು ಕರವಸ್ತ್ರ ಮುಂದೆ ಚಾಚಿದರು. ಸಾರು ಗಲ್ಲದಿಂದ ಸೀರೆಗೆ ಇಳಿದಿತ್ತು. ಅವತ್ತಿನಿಂದ ನಾನು ಅಲ್ಲಿ ಊಟ ಮಾಡಲಿಲ್ಲ.

ಫೋನು ಮಾಡಿದಾಗಲೆಲ್ಲ ಭಾವನದು ಒಂದೇ ಮಾತು. "ನರ ಸ್ವಲ್ಪ ಊದಿರುತ್ತೆ. ಮಾತ್ರೆ ನುಂಗು. ನೀನು ಮೊದಲಿಂದಲೂ ಸಣ್ಣದಕ್ಕೆಲ್ಲ ಗಾಬರಿ ಬೀಳೋಳು."

ಎರಡು ತಿಂಗಳು ನುಂಗಿದೆ. ಆಮೇಲೆ ನಮ್ಮ ದಟ್ಟಗಳ್ಳಿಯಲ್ಲೇ ಇನ್ನೊಬ್ಬ ಡಾಕ್ಟರ ಬಳಿ ಹೋದೆ. ಬಾಯಿ ನೋಡಿ, ಕಿತ್ತವರು ಯಾರೆಂದು ಕೇಳಿ, ಹೆಸರು ಹೇಳಿದ ಕೂಡಲೇ ಕೈಗವಸು ಬಿಚ್ಚಿದರು. "ಅವರು ನಮ್ಮ ಸೀನಿಯರು. ಅವರನ್ನೇ ಕೇಳಿ." ಮತ್ತೊಂದು ಕ್ಲಿನಿಕ್ಕಿನ ಬೋರ್ಡಿನಲ್ಲಿ ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸೆ ಎಂದು ದೊಡ್ಡದಾಗಿ ಬರೆದಿತ್ತು. ಆ ಶಸ್ತ್ರಚಿಕಿತ್ಸೆಯ ಡಾಕ್ಟರು ಬರುವುದು ಗುರುವಾರ ಮಾತ್ರ ಎಂದು ಕೌಂಟರಿನವರು ಹೇಳಿದರು. ಮೂರು ಗುರುವಾರ ಹೋದೆ. ಮೂರು ಸಲವೂ, "ಇವತ್ತು ಬರಲ್ಲವಂತೆ ಮೇಡಂ" ಎಂದರು.

ದಾರಿ ತೋರಿಸಿದ್ದು ಮೆಡಿಕಲ್ ಶಾಪಿನವರು. ಮತ್ತೆ ಅದೇ ಮಾತ್ರೆ ಕೇಳಿದಾಗ ಚೀಟಿ ನೋಡಿ, ನನ್ನ ತುಟಿಯ ಕಥೆ ಕೇಳಿ, ಕೊಡದೆ ನಿಲ್ಲಿಸಿದರು. "ಬರೀ ಹಲ್ಲು ಕೀಳೋರ ಹತ್ರ ಸುತ್ತಿದ್ರೆ ಆಗಲ್ಲ ಕಣ್ರೀ. ದವಡೆ ಆಪರೇಷನ್ ಮಾಡೋರೇ ಬೇರೆ. ಸ್ಕೂಟರಿಂದ ಬಿದ್ದು ನನ್ನ ದವಡೆ ಎರಡು ಕಡೆ ಮುರಿದೋಗಿತ್ತು. ಕೆಸರೇಲಿ ಒಬ್ಬರು ಮೇಡಂ ಅವ್ರೆ, ಅವರೇ ಕೂಡ್ಸಿದ್ದು."

ಕೆಸರೆಯ ಆ ಡಾಕ್ಟರು ನಗುವವರಲ್ಲ. ಕಣ್ಣು ಮುಚ್ಚಿಸಿ, ಗಲ್ಲದ ಮೇಲೆ ಹತ್ತಿಯ ಎಳೆ ಆಡಿಸಿ, ಎಲ್ಲಿ ಮುಟ್ಟಿದೆ ಹೇಳಿ ಎಂದರು. ನನಗೆ ಹೇಳಲಾಗಲಿಲ್ಲ. ಪೂರ್ತಿ ದವಡೆಯ ಎಕ್ಸ್‌ರೇ ತೆಗೆಸಿ, ಪೆನ್ನಿನ ತುದಿಯಿಂದ ತೋರಿಸಿದರು. ಹಲ್ಲಿನ ಬೇರಿನ ಚೂರೊಂದು ಒಳಗೇ ಉಳಿದು ನರವನ್ನು ಒತ್ತುತ್ತಿತ್ತು.

"ಕಿತ್ತ ದಿನ ಎಕ್ಸ್‌ರೇ ತೆಗೆದಿರಲಿಲ್ವಾ?"

"ತೆಗೆದಿದ್ದರು."

"ಹಾಗಾದ್ರೆ ಅದರಲ್ಲಿ ಇರಬೇಕು. ತನ್ನಿ."

ಭಾವ ಊಟಕ್ಕೆ ಹೋಗಿರುವ ಹೊತ್ತು ನೋಡಿಕೊಂಡೇ ವಿಜಯನಗರಕ್ಕೆ ಹೋದೆ. ರಿಸೆಪ್ಷನ್ನಿನ ಹೆಂಗಸು ಡಾಕ್ಟರ ನಾದಿನಿ ಎಂದು ಹಿಂದುಮುಂದು ನೋಡದೆ ಪ್ರಿಂಟು ತೆಗೆದುಕೊಟ್ಟಳು. ಆ ಚೂರು ಅಲ್ಲಿತ್ತು. ಡಾಕ್ಟರಲ್ಲದ ನನ್ನ ಕಣ್ಣಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು.

ಅಲ್ಲೇ ಕೂತು ಕಾದೆ. ಭಾವ ಬಂದರು. ಅವರ ಕೋಣೆಗೆ ಹೋಗಿ ಕಾಗದವನ್ನು ಮೇಜಿನ ಮೇಲಿಟ್ಟೆ.

"ಅವತ್ತೇ ಗೊತ್ತಿತ್ತಲ್ಲವಾ ನಿಮಗೆ?"

ಅವರು ಮೊದಲು ಬಾಗಿಲು ಹಾಕಿದರು. "ಹೇಳಿದ್ರೆ ನೀನು ಹೆದರ್ಕೊಂಡ್‌ಬುಡ್ತಿದ್ದೆ. ಎಷ್ಟೋ ಜನಕ್ಕೆ ಹಾಗೇ ಉಳ್ಕೊಂಡು ಏನೂ ಆಗಲ್ಲ. ಅದಕ್ಕೆ ಸಂಬಂಧದಲ್ಲಿ ಹೀಗೆ ಸಾಕ್ಷಿ ಹುಡುಕ್ಕೊಂಡು ಬರ್ತಾರಾ?"

"ನನ್ನ ತುಟಿ ಸತ್ತಿದೆ ಭಾವ. ನಿಮಗೆ ಬಾಗಿಲು ಹಾಕೋ ಯೋಚನೆ."

ಇನ್ನೂ ಕೆಟ್ಟ ಮಾತುಗಳು ಬಾಯಿಗೆ ಬಂದಿದ್ದವು. ಮರಗಟ್ಟಿದ ತುಟಿಯಲ್ಲಿ ಅವು ತೊದಲಿಕೊಂಡು ಹೊರಬರುತ್ತವೆಂಬ ನಾಚಿಕೆಗೆ ನುಂಗಿಕೊಂಡೆ. ಆ ನಾಚಿಕೆಗೂ ನಾನು ಅವರನ್ನು ಕ್ಷಮಿಸಿಲ್ಲ.

ಮುಂದಿನ ವಾರ ಕೆಸರೆಯ ಡಾಕ್ಟರು ಚೂರನ್ನು ತೆಗೆದರು. "ಮೊದಲೇ ಬಂದಿದ್ರೆ ಇನ್ನೂ ಭರವಸೆಯಿಂದ ಹೇಳ್ತಿದ್ದೆ. ಈಗ ಎಷ್ಟು ವಾಪಸ್ ಬರುತ್ತೋ ನೋಡೋಣ" ಎಂದರು. ಗಲ್ಲಕ್ಕೆ ಸ್ಪರ್ಶ ಮರಳಿತು. ತುಟಿಯ ಮೂಲೆಗೆ ಇನ್ನೂ ಬಂದಿಲ್ಲ.

ಹೊಲಿಗೆ ಬಿಚ್ಚಿದ ದಿನ ಅಕ್ಕನ ಫೋನು ಬಂತು. ಕ್ಲಿನಿಕ್ಕಿನವರ ಎದುರು ಗಂಡನ ಮಾನ ಕಳೆದೆ ಎಂದು ಬೈದಳು. ಅವಳ ಮಾತು ಮುಗಿಯುವವರೆಗೂ ಕೇಳಿದೆ.

"ಚೂರು ಉಳಿದಿರೋದು ನಿನಗೂ ಗೊತ್ತಿತ್ತಾ ಅಕ್ಕ?"

"ಅವರು ಹೇಳಬೇಡ ಅಂದಿದ್ರು ಕಣೇ" ಎಂದಳು.

ನಾನು ಫೋನಿಟ್ಟೆ. ಒಂದು ವರ್ಷವಾಯಿತು. ಭಾವನ ಜೊತೆ ಮಾತು ಬಿಟ್ಟದ್ದು ನನಗೆ ಸುಲಭವಾಗಿತ್ತು. ಅಕ್ಕನ ಜೊತೆ ಬಿಟ್ಟದ್ದು ಸುಲಭವಲ್ಲ. ಆದರೂ ಬಿಟ್ಟಿದ್ದೇನೆ.